ಗೋಡೆಗೆ ನೇತುಹಾಕಿದ ಹೊಣೆ

ಕುಡಿಯುವ ನೀರು ಕೆಟ್ಟಿದೆ ಎಂಬ ದೂರು ಎದ್ದಾಗಲೆಲ್ಲ ಈಗ ಒಂದೇ ಉತ್ತರ ಸಿದ್ಧವಾಗಿರುತ್ತದೆ: ಮನೆಗೊಂದು ಫಿಲ್ಟರ್ ಹಾಕಿಸಿಕೊಳ್ಳಿ. ಕಚೇರಿಯ ಮೇಜಿನ ಆಚೆಗೆ ಕುಳಿತವರೂ ಇದನ್ನೇ ಹೇಳುತ್ತಾರೆ, ಸಂತೆಯಲ್ಲಿ ಯಂತ್ರ ಮಾರುವವರೂ ಇದನ್ನೇ ಹೇಳುತ್ತಾರೆ, ನಾಲ್ಕು ಕಾಸು ಉಳ್ಳ ನೆರೆಮನೆಯವರೂ ಇದನ್ನೇ ಹೇಳುತ್ತಾರೆ. ಕೇಳುವುದಕ್ಕೆ ಇದು ಹಿತವಚನ. ಪರಿಣಾಮದಲ್ಲಿ ಮಾತ್ರ ಇದು ಆಡಳಿತಕ್ಕೆ ಕೊಟ್ಟ ಬಿಡುಗಡೆ ಪತ್ರ. ಜಲಮೂಲವನ್ನು ಕಾಯಬೇಕಾದವರು, ಶೋಧಕ ತೊಟ್ಟಿಯನ್ನು ತೊಳೆಯಬೇಕಾದವರು, ಒಡೆದ ಕೊಳವೆಯನ್ನು ಬದಲಿಸಬೇಕಾದವರು ತಮ್ಮ ಹೊಣೆಯನ್ನೆಲ್ಲ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ತುಂಬಿ, ಬಳಕೆದಾರನ ಅಡುಗೆಮನೆಯ ಗೋಡೆಗೆ ನೇತುಹಾಕಿ ಕೈತೊಳೆದುಕೊಳ್ಳುತ್ತಿದ್ದಾರೆ. ಆ ಕೈತೊಳೆಯುವ ನೀರೂ ಸಾರ್ವಜನಿಕರದೇ.

ಈ ಹಿತವಚನ ಎಷ್ಟು ಪೊಳ್ಳು ಎಂಬುದನ್ನು ತಿಳಿಯಬೇಕಾದರೆ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಡೆಗೆ, ದೇವಾಪುರದ ಸುತ್ತಿನ ನೆಲದ ಕಡೆಗೆ ನೋಡಬೇಕು.

ನೀರಿನ ನಡುವೆ ನೀರಿನ ಭಯ

ಮಲೆನಾಡಿನ ಓದುಗರಿಗೆ ದೇವಾಪುರ ಪೂರ್ಣ ಅಪರಿಚಿತವೇನಲ್ಲ. ಜೈಮಿನಿ ಭಾರತದ ಲಕ್ಷ್ಮೀಶ ಕವಿಯ ಊರು ಯಾವುದೆಂಬ ವಾದ ಬಂದಾಗ ಕಡೂರು ತಾಲ್ಲೂಕಿನ ದೇವನೂರಿನ ಎದುರಿಗೆ ಸುರಪುರ ಸೀಮೆಯ ದೇವಾಪುರದ ಹೆಸರೂ ಕೇಳಿಬಂದಿದೆ. ಇತಿಹಾಸ ಓದುವ ವಿದ್ಯಾರ್ಥಿಗಳಿಗೆ ಅದರ ನೆನಪು ಬೇರೆ. 1705ರಲ್ಲಿ ವಾಗಣಗೇರಾ ಕೋಟೆಯ ಮುತ್ತಿಗೆ ಮುಗಿದ ಬಳಿಕ ಔರಂಗಜೇಬನು ತಿಂಗಳುಗಟ್ಟಲೆ ಬೀಡುಬಿಟ್ಟದ್ದು ದೇವಾಪುರದಲ್ಲಿ. ಅಲ್ಲಿಯೇ ಅವನು ತೀವ್ರವಾಗಿ ಕಾಯಿಲೆ ಬಿದ್ದನು. ಅಷ್ಟು ದೊಡ್ಡ ದಂಡು, ಅಷ್ಟು ಕುದುರೆ ಆನೆಗಳು ತಂಗಬೇಕಾದರೆ ನೀರು ಸಮೀಪವಿರಬೇಕು. ಕೃಷ್ಣೆ ಸಮೀಪವಿದ್ದಳು.

ಇಂದಿಗೂ ಈ ಸೀಮೆಗೆ ನೀರಿಲ್ಲವೆಂದು ಯಾರೂ ಹೇಳುವಂತಿಲ್ಲ. ಪಕ್ಕದಲ್ಲಿ ಕೃಷ್ಣೆ ಹರಿಯುತ್ತಾಳೆ. ನಾರಾಯಣಪುರದ ಬಸವಸಾಗರ ಜಲಾಶಯ ಕಟ್ಟಿದ ಮೇಲೆ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಗದ್ದೆಗಳಿಗೆ ಹರಿದಿದೆ. ಸುರಪುರದ ನಾಯಕರ ಕಾಲದಿಂದ ಬಂದು, ಮೆಡೋಸ್ ಟೇಲರನ ಕಾಲದಲ್ಲಿ ಅಭಿವೃದ್ಧಿಗೊಂಡ ಬೋನಾಳ ಕೆರೆಯಿದೆ. ಇಷ್ಟಿದ್ದರೂ ಈ ಭಾಗದ ಹಳ್ಳಿ, ತಾಂಡಾಗಳು ದಶಕಗಳ ಕಾಲ ಕುಡಿದದ್ದು ಬಹುಮಟ್ಟಿಗೆ ಕೊಳವೆಬಾವಿಯ ನೀರನ್ನು. ನದಿಯ ನೀರು ಭತ್ತಕ್ಕೆ ದಕ್ಕಿತು. ಮನುಷ್ಯನ ಗಂಟಲಿಗೆ ದಕ್ಕಿದ್ದು ಬಂಡೆಯ ಸಂದಿನ ನೀರು.

ಆ ಬಂಡೆಯ ಸಂದಿನಲ್ಲಿ ಏನಿತ್ತು ಎಂಬುದನ್ನು ಅದೇ ತಾಲ್ಲೂಕಿನ ಕಿರದಳ್ಳಿ ತಾಂಡಾ ಜಗತ್ತಿಗೆ ತೋರಿಸಿಕೊಟ್ಟಿತು. ಮಂಗಳೂರು ಎಂಬ ಹೆಸರಿನ, ಕರಾವಳಿಯದಲ್ಲದ, ಸುರಪುರ ಸೀಮೆಯ ಹಳ್ಳಿಯ ಸುತ್ತ ಹಿಂದೊಮ್ಮೆ ಚಿನ್ನ ತೆಗೆದ ಗಣಿಗಳಿವೆ. ಇಂಥ ಶಿಲಾಪಟ್ಟಿಯಲ್ಲಿ ಚಿನ್ನದ ಜೊತೆಜೊತೆಗೇ ಆರ್ಸೆನಿಕ್ ಎಂಬ ಪಾಷಾಣವನ್ನು ಹೊತ್ತ ಖನಿಜವೂ ಇರುತ್ತದೆ. 2013ರಲ್ಲಿ ವಿಜ್ಞಾನಿಗಳ ತಂಡವೊಂದು ಪ್ರಕಟಿಸಿದ ಅಧ್ಯಯನದ ಅಂಕಿಗಳನ್ನು ಸಾವಧಾನವಾಗಿ ಓದಬೇಕು. ಪರೀಕ್ಷಿಸಿದ 59 ಕೊಳವೆಬಾವಿ ಮಾದರಿಗಳಲ್ಲಿ ಶೇ. 79ರಷ್ಟರಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯನ್ನು ಮೀರಿದ ಆರ್ಸೆನಿಕ್ ಇತ್ತು. ಅತ್ಯಧಿಕ ಪ್ರಮಾಣ 303 ಮೈಕ್ರೋಗ್ರಾಂ, ಎಂದರೆ ಮಿತಿಯ ಮೂವತ್ತು ಪಟ್ಟು. ತಪಾಸಣೆಗೆ ಒಳಗಾದ 181 ಮಂದಿಯಲ್ಲಿ ಶೇ. 58.6ರಷ್ಟು ಜನರ ಚರ್ಮದ ಮೇಲೆ ಆರ್ಸೆನಿಕ್ ವಿಷದ ಗುರುತುಗಳಿದ್ದವು. ಪರೀಕ್ಷಿಸಿದ ಪ್ರತಿಯೊಬ್ಬರ ಕೂದಲಿನಲ್ಲಿಯೂ ಉಗುರಿನಲ್ಲಿಯೂ ಅದು ಹೆಚ್ಚಾಗಿಯೇ ಕಂಡುಬಂದಿತು. ಕೆಲವು ಕಡೆಯ ಮೇಲ್ಮಣ್ಣಿನಲ್ಲಿ ಸಿಕ್ಕ ಪ್ರಮಾಣವು ಗಣಿಯ ತ್ಯಾಜ್ಯದ ಕಡೆಗೆ ಬೆರಳು ತೋರುವಷ್ಟಿತ್ತು.

ಆ ನೀರು ಕಣ್ಣಿಗೆ ತಿಳಿಯಾಗಿತ್ತು. ಮೂಗಿಗೆ ವಾಸನೆಯಿರಲಿಲ್ಲ, ನಾಲಿಗೆಗೆ ಬೇರೆ ರುಚಿಯಿರಲಿಲ್ಲ. ತಾಂಡಾದ ತಾಯಂದಿರು ಅದನ್ನು ಬಟ್ಟೆಯಲ್ಲಿ ಸೋಸಿದರೂ, ಕುದಿಸಿದರೂ, ಕ್ಯಾಂಡಲ್ ಫಿಲ್ಟರಿಗೆ ಸುರಿದರೂ ಕೊಡದಲ್ಲಿ ವಿಷ ಹಾಗೆಯೇ ಉಳಿಯುತ್ತಿತ್ತು. ಕುದಿಸಿದರೆ ನೀರಷ್ಟೇ ಆವಿಯಾಗಿ ವಿಷ ಇನ್ನಷ್ಟು ಸಾಂದ್ರವಾಗುತ್ತಿತ್ತು. ಹೇಳಿ, ಮನೆಗೊಂದು ಫಿಲ್ಟರ್ ಎಂಬ ಉಪದೇಶ ಇಲ್ಲಿ ಯಾರನ್ನು ಉಳಿಸುತ್ತಿತ್ತು?

ಇದು ಸುರಪುರದ ದುರದೃಷ್ಟ ಮಾತ್ರವಲ್ಲ. ಬಾಂಗ್ಲಾದೇಶದಲ್ಲಿ ಕೆರೆಕುಂಟೆಯ ರೋಗಾಣುಗಳಿಂದ ಜನರನ್ನು ಪಾರುಮಾಡಲೆಂದು 1970ರ ದಶಕದಿಂದ ಲಕ್ಷಾಂತರ ಕೊಳವೆಬಾವಿಗಳನ್ನು ಕೊರೆಸಲಾಯಿತು. ಆ ನೀರಿನಲ್ಲಿ ಆರ್ಸೆನಿಕ್ ಇದೆಯೆಂಬುದು ಅಧಿಕೃತವಾಗಿ ಪತ್ತೆಯಾದದ್ದು 1993ರಲ್ಲಿ. ಕೊರೆಯುವ ಉತ್ಸಾಹ ಇದ್ದವರಿಗೆ ಪರೀಕ್ಷಿಸುವ ವ್ಯವಧಾನ ಇರಲಿಲ್ಲ. ಎರಡು ಕಡೆಯೂ ತಪ್ಪು ಒಂದೇ: ಮೂಲವನ್ನು ಅರಿಯದೆ ನೀರನ್ನು ಕೊಟ್ಟದ್ದು.

ಯಾವುದು ಏನನ್ನು ತೆಗೆಯುತ್ತದೆ?

ಮಾರಾಟಗಾರನಿಗೆ ಕಲ್ಮಷವೆಂದರೆ ಒಂದೇ ಜಾತಿ. ವಿಜ್ಞಾನಕ್ಕೆ ಅದು ಹಲವು ಜಾತಿ. ಒಂದೊಂದಕ್ಕೆ ಒಂದೊಂದು ಮದ್ದು. ಇದನ್ನು ಪ್ರತಿಯೊಬ್ಬ ಶಾಲಾ ವಿದ್ಯಾರ್ಥಿಯೂ ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

ಬಟ್ಟೆಯ ಸೋಸುವಿಕೆ ಕಸಕಡ್ಡಿಯನ್ನು ತಡೆಯುತ್ತದೆ, ರೋಗಾಣುವನ್ನಲ್ಲ. ಪಿಂಗಾಣಿಯ ಕ್ಯಾಂಡಲ್ ಮಣ್ಣಿನ ಕಣಗಳನ್ನೂ ಬ್ಯಾಕ್ಟೀರಿಯಾಗಳ ಬಹುಭಾಗವನ್ನೂ ಹಿಡಿಯಬಲ್ಲದು, ವೈರಸ್ಸುಗಳು ನುಸುಳಿಹೋಗುತ್ತವೆ. ಕುದಿಸುವುದು ರೋಗಾಣುಗಳಿಗೆ ಮೃತ್ಯು. ಲವಣ, ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್‌ಗಳಿಗೆ ಅದರಿಂದ ಏನೂ ಆಗದು. ಅತಿನೇರಳೆ ದೀಪ ರೋಗಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆ, ಆದರೆ ನೀರು ತಿಳಿಯಾಗಿರಬೇಕು ಮತ್ತು ವಿದ್ಯುತ್ ಇರಬೇಕು. ಕ್ಲೋರಿನ್ ಅಗ್ಗವಾದ, ನೂರು ವರ್ಷಗಳಿಂದ ಪರೀಕ್ಷೆಗೆ ನಿಂತ ಕ್ರಿಮಿನಾಶಕ. ಕದಡಿದ ನೀರಿಗೆ ಹಾಕಿದರೆ ಅದರ ಶಕ್ತಿ ಕೆಸರಿನ ಮೇಲೆಯೇ ವ್ಯಯವಾಗುತ್ತದೆ. ಫ್ಲೋರೈಡ್ ಮತ್ತು ಆರ್ಸೆನಿಕ್‌ಗಳನ್ನು ಹೀರಲು ಸಕ್ರಿಯ ಅಲ್ಯುಮಿನಾದಂಥ ವಿಶೇಷ ಪದರಗಳು ಬೇಕು. ಹೀರುವ ಶಕ್ತಿ ಮುಗಿದೊಡನೆ ಅದನ್ನು ಬದಲಿಸುವ ಅಥವಾ ಪುನಶ್ಚೇತನಗೊಳಿಸುವ ಶಿಸ್ತೂ ಬೇಕು. ಆರ್‌ಒ ಎಂದು ಜನಜನಿತವಾದ ಯಂತ್ರ ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಡದಿಂದ ನೂಕಿ ಲವಣಗಳನ್ನು ಬೇರ್ಪಡಿಸುತ್ತದೆ. ಅದು ಫ್ಲೋರೈಡನ್ನು ತೆಗೆಯಬಲ್ಲದು. ಆರ್ಸೆನಿಕ್‌ನ ಒಂದು ರೂಪವನ್ನು ಚೆನ್ನಾಗಿ, ಇನ್ನೊಂದು ರೂಪವನ್ನು ಅರೆಬರೆಯಾಗಿ ತಡೆಯುತ್ತದೆ.

ಹೀಗಿರುವಾಗ ನೀರಿನಲ್ಲಿ ಏನಿದೆ ಎಂದು ಪರೀಕ್ಷಿಸದೆ ಯಂತ್ರವನ್ನು ಕೊಡುವುದು, ನಾಡಿ ಹಿಡಿಯದೆ ಔಷಧಿ ಕೊಟ್ಟಂತೆ. ವೈದ್ಯನಾದರೆ ಜನ ಅವನನ್ನು ಊರುಬಿಡಿಸುತ್ತಿದ್ದರು. ಯಂತ್ರ ಮಾರುವವನಿಗೆ ಮಾತ್ರ ಕಂತಿನಲ್ಲಿ ಹಣ ಕಟ್ಟುತ್ತಾರೆ.

ಕಣ್ಕಟ್ಟಿನ ವ್ಯಾಪಾರ

ಗುಡ್ಡದ ಒರತೆಯ ನೀರನ್ನು ದಬ್ಬೆಯಲ್ಲಿ ಮನೆಯಂಗಳಕ್ಕೆ ತಂದುಕೊಂಡ ಊರುಗಳಿಗೂ ಈ ವ್ಯಾಪಾರ ಕಾಲಿಟ್ಟಿದೆ. ಮಾರಾಟಗಾರ ಎರಡು ಲೋಟ ಇಡುತ್ತಾನೆ. ಒಂದರಲ್ಲಿ ಮನೆಯ ನೀರು, ಇನ್ನೊಂದರಲ್ಲಿ ತನ್ನ ಯಂತ್ರದ ನೀರು. ಎರಡಕ್ಕೂ ವಿದ್ಯುತ್ ತಂತಿಯ ಕಡ್ಡಿಗಳನ್ನು ಇಳಿಬಿಡುತ್ತಾನೆ. ಮನೆಯ ನೀರು ನೋಡನೋಡುತ್ತ ಕಂದು ಬಣ್ಣಕ್ಕೆ ತಿರುಗಿ ಕೊಳೆ ಕಟ್ಟುತ್ತದೆ. ಯಂತ್ರದ ನೀರು ಹಾಗೆಯೇ ಇರುತ್ತದೆ. ಮನೆಯವರು ಬೆಚ್ಚಿಬೀಳುತ್ತಾರೆ: ಇಷ್ಟು ದಿನ ಇದನ್ನೇ ಕುಡಿದೆವೆ?

ಈ ಕಂದು ಕೊಳೆ ನೀರಿನದಲ್ಲ, ಕಡ್ಡಿಯದು. ಸಹಜವಾದ ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ. ಆಗ ಕಬ್ಬಿಣದ ಕಡ್ಡಿ ಸವೆದು ತುಕ್ಕಾಗಿ ನೀರಿಗೆ ಬೀಳುತ್ತದೆ. ಲವಣ ಕಳೆದ ನೀರಿನಲ್ಲಿ ವಿದ್ಯುತ್ ಹರಿಯದು, ಆದುದರಿಂದ ತುಕ್ಕೂ ಇಲ್ಲ. ಪ್ರೌಢಶಾಲೆಯ ರಸಾಯನಶಾಸ್ತ್ರದ ಪಾಠವನ್ನು ಭಯ ಹುಟ್ಟಿಸಲು ಬಳಸುವ ಈ ಕಣ್ಕಟ್ಟನ್ನು ಯಾವುದೇ ವಿಜ್ಞಾನ ಶಿಕ್ಷಕರು ತರಗತಿಯಲ್ಲಿ ಬಯಲುಮಾಡಬಹುದು, ಮಾಡಲೇಬೇಕು.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರ ಮೇ ತಿಂಗಳಿನಲ್ಲಿ, ನೀರಿನಲ್ಲಿ ಕರಗಿದ ಲವಣಗಳು ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವಲ್ಲಿ ಆರ್‌ಒ ಬಳಕೆಯನ್ನು ನಿಷೇಧಿಸುವಂತೆ ಕೇಂದ್ರ ಪರಿಸರ ಸಚಿವಾಲಯಕ್ಕೆ ನಿರ್ದೇಶಿಸಿತು. ಉಪಯೋಗಿಸುವಲ್ಲಿಯೂ ಶೇ. 60ಕ್ಕಿಂತ ಹೆಚ್ಚು ನೀರು ಬಳಕೆಗೆ ದೊರೆಯಬೇಕೆಂದಿತು. ಇಂದಿಗೂ ಸಾಮಾನ್ಯ ಮನೆಯಂತ್ರವೊಂದು ಒಂದು ಲೀಟರ್ ಕೊಟ್ಟರೆ ಸುಮಾರು ಮೂರು ಲೀಟರ್ ಚರಂಡಿಗೆ ಬಿಡುತ್ತದೆ. ಲೆಕ್ಕ ಹಾಕಿ ನೋಡಬಹುದು. ಗ್ರಾಮಗಳಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಎಂಬುದು ಜಲಜೀವನ ಮಿಷನ್ ಗೊತ್ತುಪಡಿಸಿದ ಪ್ರಮಾಣ. ಐವರ ಕುಟುಂಬಕ್ಕೆ 275 ಲೀಟರ್. ಆ ಕುಟುಂಬ ಕುಡಿಯಲು, ಅಡುಗೆಗೆ ಇಪ್ಪತ್ತು ಲೀಟರ್ ಆರ್‌ಒ ನೀರು ತೆಗೆದರೆ ಅರುವತ್ತು ಲೀಟರ್ ಪೋಲು. ಎಂದರೆ ಬಂದ ನೀರಿನ ಐದರಲ್ಲೊಂದು ಪಾಲಿಗಿಂತ ಹೆಚ್ಚು ಚರಂಡಿಯ ಪಾಲು. ಬೇಸಿಗೆಯಲ್ಲಿ ಕೊಡ ಹಿಡಿದು ಸರದಿಯಲ್ಲಿ ನಿಲ್ಲುವ ನಾಡಿಗೆ ಇದು ಪರಿಹಾರವೆನ್ನಿಸುವುದಾದರೆ, ಪರಿಹಾರ ಎಂಬ ಪದಕ್ಕೆ ಹೊಸ ನಿಘಂಟು ಬರೆಯಬೇಕಾಗುತ್ತದೆ.

ತೊಟ್ಟಿಯ ಮರಳು ಮತ್ತು ಕೊಳವೆಯ ಒತ್ತಡ

ಸಾರ್ವಜನಿಕ ಶುದ್ಧೀಕರಣ ಹೊಸ ವಿದ್ಯೆಯೇನಲ್ಲ. ಚಿಲ್ಲದ ಬೀಜವನ್ನು ತೇಯ್ದು ಕದಡಿದ ನೀರನ್ನು ತಿಳಿಗೊಳಿಸುತ್ತಿದ್ದ ಹಿರಿಯರಿಗೆ ಅದರ ಮೊದಲ ಮೆಟ್ಟಿಲು ಗೊತ್ತಿತ್ತು. ನಗರದ ಘಟಕದಲ್ಲಿ ಅದೇ ಕೆಲಸವನ್ನು ಪಟಿಕ ಮಾಡುತ್ತದೆ. ಅದು ಮಣ್ಣಿನ ನುಣ್ಣನೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಗರಣೆಯಾಗಿಸುತ್ತದೆ, ಗರಣೆ ತೊಟ್ಟಿಯ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ಮರಳಿನ ಹಾಸಿನ ಮೂಲಕ ಇಳಿದು ಶೋಧನೆಗೊಳ್ಳುತ್ತದೆ. ಕೊನೆಗೆ ಕ್ಲೋರಿನ್ ಬೆರೆಸಲಾಗುತ್ತದೆ. ನಲ್ಲಿಯ ಬಾಯಿಯಲ್ಲಿಯೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ದಾರಿಯಲ್ಲಿ ರೋಗಾಣು ಸೇರಿದರೆ ಅದನ್ನು ಎದುರಿಸುವ ಕಾವಲು ಅದು.

ಈ ವಿದ್ಯೆಯ ಬಲವನ್ನು ಚರಿತ್ರೆ ಒಮ್ಮೆ ತಾನೇ ಪ್ರಯೋಗ ಮಾಡಿ ತೋರಿಸಿದೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿಯುತ್ತಿತ್ತು. ಅದಕ್ಕೆ ಅಂಟಿಕೊಂಡ ಆಲ್ಟೋನಾ ನಗರ ಅದೇ ನದಿಯ, ಹ್ಯಾಂಬರ್ಗಿನ ಹೊಲಸು ಸೇರಿದ ಕೆಳಹರಿವಿನ ನೀರನ್ನು ಮರಳಿನ ಹಾಸಿನಲ್ಲಿ ಸೋಸಿ ಕುಡಿಯುತ್ತಿತ್ತು. ಕಾಲರಾ ಬಂದಾಗ ಹ್ಯಾಂಬರ್ಗಿನಲ್ಲಿ ಎಂಟು ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು. ಬೀದಿಯ ಒಂದು ಬದಿಯಲ್ಲಿ ಹೆಣ, ಇನ್ನೊಂದು ಬದಿಯಲ್ಲಿ ಬದುಕು. ಆಲ್ಟೋನಾವನ್ನು ಉಳಿಸಿದ್ದು ಮನೆಮನೆಯ ಯಂತ್ರವಲ್ಲ, ಊರಿಗೆಲ್ಲ ಸೇರಿದ ಮರಳಿನ ತೊಟ್ಟಿ. ಶ್ರೀಮಂತನ ಮಗುವನ್ನೂ ಕೂಲಿಯವನ ಮಗುವನ್ನೂ ಅದು ಒಂದೇ ಸಮನಾಗಿ ಕಾಯಿತು.

ಒಂದು ಶತಮಾನಕ್ಕೂ ಮೇಲಿನ ಈ ಪಾಠದ ಬಳಿಕ, 2022ರ ಮೇ ಕೊನೆಯಲ್ಲಿ, ಎರಡು ಮಹಾನದಿಗಳ ನಡುವಿನ ರಾಯಚೂರು ನಗರದಲ್ಲಿ ನಲ್ಲಿಯ ನೀರು ಕುಡಿದವರು ವಾಂತಿಭೇದಿಯಿಂದ ಆಸ್ಪತ್ರೆ ತುಂಬಿದರು. ಕನಿಷ್ಠ ಐವರು ಸತ್ತರು. ಶುದ್ಧೀಕರಣ ಘಟಕದ ತೊಟ್ಟಿಗಳನ್ನು ವರ್ಷಗಳಿಂದ ಸ್ವಚ್ಛಗೊಳಿಸಿರಲಿಲ್ಲವೆಂಬ ಆರೋಪ ಆಗ ಬೀದಿಗೆ ಬಂದಿತು; ಸರ್ಕಾರ ತನಿಖೆಗೆ ಆದೇಶಿಸಿತು, ಸತ್ತವರ ಮನೆಯವರಿಗೆ ಪರಿಹಾರ ಘೋಷಿಸಿತು. 2023ರ ಫೆಬ್ರುವರಿಯಲ್ಲಿ ಯಾದಗಿರಿ ಜಿಲ್ಲೆಯದೇ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರಿನಿಂದ ಸಾವುಗಳು ಸಂಭವಿಸಿ, ಹತ್ತಾರು ಮಂದಿ ಹಾಸಿಗೆ ಹಿಡಿದರು. ಅದೇ ವರ್ಷದ ಆಗಸ್ಟ್ ವೇಳೆಗೆ ಚಿತ್ರದುರ್ಗದ ಕವಾಡಿಗರಹಟ್ಟಿಯ ಸರದಿ. ಅಲ್ಲಿ ಸತ್ತವರು ದಲಿತ ಕೇರಿಯವರು. ನೀರಿನ ಸಾವಿಗೂ ಜಾತಿಯ ಬಾಗಿಲು ಗೊತ್ತಿರುತ್ತದೆ.

ಘಟಕದಲ್ಲಿ ಶುದ್ಧವಾದ ನೀರು ದಾರಿಯಲ್ಲಿ ಕೆಡುವ ಬಗೆಯನ್ನೂ ಅರಿಯಬೇಕು. ವಾರಕ್ಕೊಮ್ಮೆಯೋ ನಾಲ್ಕು ದಿನಕ್ಕೊಮ್ಮೆಯೋ ನೀರು ಬಿಡುವ ಊರಿನಲ್ಲಿ ಉಳಿದ ಸಮಯವೆಲ್ಲ ಕೊಳವೆ ಖಾಲಿಯಿರುತ್ತದೆ. ಖಾಲಿ ಕೊಳವೆಗೆ ಒತ್ತಡವಿಲ್ಲ. ಚರಂಡಿಯ ಪಕ್ಕದಲ್ಲಿ, ಕೆಲವೆಡೆ ಚರಂಡಿಯ ಒಳಗೇ ಹಾದುಹೋದ ಕೊಳವೆಯ ಬಿರುಕಿನಿಂದ ಹೊಲಸು ಒಳಕ್ಕೆ ಸೇರುತ್ತದೆ. ನೀರು ಬಿಟ್ಟೊಡನೆ ಮನೆಮನೆಯವರು ಕೊಳವೆಗೇ ಮೋಟಾರು ಹಚ್ಚಿ ಎಳೆದರೆ ಆ ಹೀರುವಿಕೆ ಇಮ್ಮಡಿಯಾಗುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ನಿರಂತರ ಪೂರೈಕೆಯ ವಲಯಗಳನ್ನೂ ಬಿಟ್ಟುಬಿಟ್ಟು ನೀರು ಬರುವ ವಲಯಗಳನ್ನೂ ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಅಂಕಿಯಲ್ಲಿಯೇ ತೋರಿಸಿತು. ಮಲಮೂಲದ ಇ. ಕೋಲಿ ಬ್ಯಾಕ್ಟೀರಿಯಾ ನಿರಂತರ ಪೂರೈಕೆಯ ನಲ್ಲಿಗಳ ಶೇ. 0.7ರಷ್ಟು ಮಾದರಿಗಳಲ್ಲಿ ಸಿಕ್ಕರೆ, ಬಿಟ್ಟುಬಿಟ್ಟು ಬರುವ ನಲ್ಲಿಗಳಲ್ಲಿ ಶೇ. 31.7ರಷ್ಟು ಮಾದರಿಗಳಲ್ಲಿ ಸಿಕ್ಕಿತು. ಒಂದೇ ನಗರ, ವ್ಯತ್ಯಾಸ ಕೊಳವೆಯ ಒತ್ತಡದ್ದು.

ನಿರಂತರ ಪೂರೈಕೆಯ ಹೆಸರಿನಲ್ಲಿ ನೀರನ್ನು ಕಂಪನಿಗಳ ಕೈಗೆ ಒಪ್ಪಿಸಬೇಕೆಂಬ ವಾದವನ್ನು ಈ ಅಂಕಿಗಳಿಂದ ಯಾರೂ ಹೊಸೆಯಬಾರದು. ಒತ್ತಡಕ್ಕೆ ಮಾಲೀಕನ ಗುರುತು ತಿಳಿಯದು. ಒಡಿಶಾದ ಪುರಿ ನಗರದಲ್ಲಿ 2021ರ ಜುಲೈನಲ್ಲಿ ನಲ್ಲಿಗೆ ಬಾಯಿಟ್ಟು ಕುಡಿಯಬಹುದಾದ ನೀರನ್ನು ದಿನವಿಡೀ ಕೊಡುವ ಯೋಜನೆ ಸರ್ಕಾರದ ಹೊಣೆಯಲ್ಲಿಯೇ ಆರಂಭವಾಯಿತು. ಯಾತ್ರಿಕರ ಸಂದಣಿಯ ಊರಿಗೆ ಸಾಧ್ಯವಾದದ್ದು ಸುರಪುರಕ್ಕೆ ಏಕೆ ಅಸಾಧ್ಯ?

ನಾಣ್ಯ ನುಂಗುವ ಘಟಕ

ಮನೆಯ ಯಂತ್ರ ಕೊಳ್ಳಲಾರದ ಹಳ್ಳಿಗೆ ಸರ್ಕಾರ ಕೊಟ್ಟ ಉತ್ತರ ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್. ಫ್ಲೋರೈಡ್ ಬಾಧಿತ ಊರುಗಳಲ್ಲಿ ಇವು ಹಲವರಿಗೆ ಆಸರೆಯಾದದ್ದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೆಟ್ಟು ನಿಂತ ಘಟಕದ ಮುಂದೆ ಖಾಲಿ ಕ್ಯಾನು ಹಿಡಿದು ನಿಂತವರನ್ನು ಕಾಣದ ಗ್ರಾಮಸ್ಥರು ವಿರಳ. ಪೊರೆ ಬದಲಿಸುವವರಿಲ್ಲ, ಕರೆಂಟಿಲ್ಲ, ಗುತ್ತಿಗೆಯ ಅವಧಿ ಮುಗಿದಿದೆ: ಕಾರಣಗಳಿಗೆ ಕೊರತೆಯಿಲ್ಲ. ಉದ್ಘಾಟನೆಯ ಫಲಕಕ್ಕೆ ಮಾತ್ರ ತುಕ್ಕು ಹಿಡಿಯದು.

ಇನ್ನೂ ಗಂಭೀರವಾದ ಪ್ರಶ್ನೆ ಇನ್ನೊಂದಿದೆ. ಪೊರೆ ವಿಷವನ್ನು ನಾಶಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೆ. ಶುದ್ಧ ನೀರು ಕ್ಯಾನಿಗೆ ಹೋದರೆ, ಸಾಂದ್ರಗೊಂಡ ಫ್ಲೋರೈಡೂ ಆರ್ಸೆನಿಕ್ಕೂ ಎಲ್ಲಿಗೆ ಹೋಗುತ್ತವೆ? ಘಟಕದ ಹಿಂದಿನ ಚರಂಡಿಗೆ, ಅಲ್ಲಿಂದ ಹೊಂಡಕ್ಕೆ, ಹೊಂಡದಿಂದ ಮತ್ತೆ ಅಂತರ್ಜಲಕ್ಕೆ. ಅದೇ ಕೊಳವೆಬಾವಿಯಿಂದ ನಾಳೆ ಮತ್ತೆ ಎತ್ತಬೇಕು. ಬಾವಿಯಿಂದ ತೆಗೆದ ವಿಷವನ್ನು ಬಾವಿಗೇ ಸುರಿಯುವ ಈ ಚಕ್ರಕ್ಕೆ ಶುದ್ಧೀಕರಣವೆಂಬ ಹೆಸರು ಸಲ್ಲದು.

ಮದ್ದು ಮೂಲದಲ್ಲಿದೆ ಎಂಬುದಕ್ಕೆ ನಿದರ್ಶನವೂ ಕೃಷ್ಣೆಯ ಕೆಳದಂಡೆಯಲ್ಲೇ ಇದೆ. ಫ್ಲೋರೈಡಿನಿಂದ ಮೂಳೆ ಬಾಗಿದ ಜನರಿಗೆ ಹೆಸರಾದ ತೆಲಂಗಾಣದ ನಲ್ಗೊಂಡ ಸೀಮೆಗೆ ದಶಕಗಳ ಕಾಲ ಬಗೆಬಗೆಯ ಶೋಧನಾ ವಿಧಾನಗಳ ಪ್ರಯೋಗವಾಯಿತು. ಒಂದು ವಿಧಾನಕ್ಕಂತೂ ನಲ್ಗೊಂಡದ ಹೆಸರನ್ನೇ ಇಡಲಾಯಿತು. ವಿಧಾನ ಪ್ರಸಿದ್ಧವಾಯಿತು, ಜನ ಕುಂಟುತ್ತಲೇ ಇದ್ದರು. ಸ್ಥಿತಿ ಬದಲಾಗತೊಡಗಿದ್ದು ಕೊಳವೆಬಾವಿಯ ನೀರಿನ ಬದಲಿಗೆ ಶುದ್ಧೀಕರಿಸಿದ ಕೃಷ್ಣೆಯ ನೀರು ಮನೆಗಳಿಗೆ ಬರತೊಡಗಿದಾಗ. 2016ರಲ್ಲಿ ಆರಂಭವಾದ ಮಿಷನ್ ಭಗೀರಥ ಯೋಜನೆ ಅದನ್ನು ವಿಸ್ತರಿಸಿತು. ಅದೇ ಕೃಷ್ಣೆ ದೇವಾಪುರದ ಸೀಮೆಯಲ್ಲಿಯೂ ಹರಿಯುತ್ತಾಳೆ, ಅದೂ ಮೇಲ್ಗಡೆ.

ಹಾಗಾದರೆ ಇಂದು ಏನು ಕುಡಿಯಬೇಕು?

ಈ ವಾದಕ್ಕೆ ಒಂದು ನ್ಯಾಯವಾದ ಆಕ್ಷೇಪಣೆಯಿದೆ. ಸರ್ಕಾರ ಎಚ್ಚರಗೊಳ್ಳುವ ತನಕ ಮಗುವಿಗೆ ಏನು ಕುಡಿಸಬೇಕು? ಹೋರಾಟ ಗೆದ್ದ ದಿನಕ್ಕೆ ಕಾಯುತ್ತ ಬಾಯಾರಿ ಕೂರಲು ಯಾರಿಂದಲೂ ಆಗದು. ಆದುದರಿಂದ ಮನೆಯ ಶೋಧನೆಯನ್ನು ಯಾರೂ ಹಳಿಯಬೇಕಿಲ್ಲ. ಅದರ ಮಿತಿಯನ್ನು ಅರಿಯಬೇಕು. ನದಿ, ಕೆರೆ, ತೆರೆದ ಬಾವಿಯ ನೀರಿಗೆ ಮುಖ್ಯ ಭಯ ರೋಗಾಣು. ಅದಕ್ಕೆ ಸೋಸಿ ಚೆನ್ನಾಗಿ ಕುದಿಸುವುದು, ಅಥವಾ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡುವುದು ಸಾಕು. ಕೊಡವನ್ನು ಮುಚ್ಚಿಟ್ಟು ಉದ್ದ ಹಿಡಿಯ ಸೌಟಿನಿಂದ ತೆಗೆಯಬೇಕು, ಕೈ ಅದ್ದಬಾರದು. ಮಲೆನಾಡಿನ ಒರತೆಯ ನೀರಿಗೆ ಇಷ್ಟೇ ಉಪಚಾರ. ಆರ್‌ಒ ಅಲ್ಲಿ ವ್ಯರ್ಥ ವ್ಯಯ.

ಸುರಪುರ ಸೀಮೆಯ ಕೊಳವೆಬಾವಿಯ ನೀರಿಗಾದರೋ ಮೊದಲು ಪರೀಕ್ಷೆ, ಆಮೇಲೆ ಉಪಚಾರ. ಆರ್ಸೆನಿಕ್ ಇರುವ ಬಾವಿಯನ್ನು ಕುಡಿಯಲು, ಅಡುಗೆಗೆ ಬಳಸಲೇಬಾರದು. ಅಂಥ ಕೈಪಂಪಿಗೆ ಕೆಂಪು ಬಣ್ಣ ಬಳಿಯಬೇಕು. ಮಳೆಯ ನೀರಿನಲ್ಲಿ ಬಂಡೆಯ ವಿಷವಿಲ್ಲ. ಶುಚಿಯಾದ ಚಾವಣಿಯಿಂದ, ಮೊದಲ ಮಳೆಯನ್ನು ಬಿಟ್ಟು, ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟರೆ ಕುಡಿಯಲು ಬೇಕಾದಷ್ಟನ್ನಾದರೂ ಕೆಲವು ತಿಂಗಳು ಪೂರೈಸಬಲ್ಲದು. ಇವೆಲ್ಲ ಗಾಯಕ್ಕೆ ಕಟ್ಟುವ ಪಟ್ಟಿ. ಪಟ್ಟಿ ಬೇಕು. ಪಟ್ಟಿಯನ್ನೇ ಚಿಕಿತ್ಸೆಯೆಂದು ನಂಬಿಸುವುದು ಬೇಡ.

ಕೇಳಬೇಕಾದ್ದೇನು?

ಮಾಲಿನ್ಯರಹಿತ ನೀರು ಬದುಕುವ ಹಕ್ಕಿನ ಭಾಗವೆಂದು ಸುಭಾಷ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1991ರಲ್ಲಿಯೇ ಹೇಳಿದೆ. ಹಕ್ಕಾಗಿರುವುದನ್ನು ಬೇಡಿಕೊಳ್ಳಬೇಕಿಲ್ಲ, ಕೇಳಿ ಪಡೆಯಬೇಕು. ದೇವಾಪುರದಿಂದ ಹಿಡಿದು ಮಲೆನಾಡಿನ ಕೊನೆಯ ಪಟ್ಟಣದವರೆಗೆ ಗ್ರಾಮಸಭೆ, ಪುರಸಭೆಗಳ ಮುಂದೆ ಇಡಬೇಕಾದ ಒತ್ತಾಯಗಳು ಇವು:

ಒಂದು, ಪ್ರತಿಯೊಂದು ಕುಡಿಯುವ ನೀರಿನ ಮೂಲದ ಪರೀಕ್ಷಾ ಫಲಿತಾಂಶವನ್ನು, ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್ ಸಹಿತವಾಗಿ, ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಬೇಕು. ಕಡತದಲ್ಲಿ ಮಲಗಿದ ಫಲಿತಾಂಶದಿಂದ ಯಾರ ಪ್ರಾಣವೂ ಉಳಿಯದು.

ಎರಡು, ಶುದ್ಧೀಕರಣ ಘಟಕದ ತೊಟ್ಟಿಗಳನ್ನು ತೊಳೆದ ದಿನ, ಮರಳು ಬದಲಿಸಿದ ದಿನ, ನಲ್ಲಿಯ ಬಾಯಿಯಲ್ಲಿ ಅಳೆದ ಕ್ಲೋರಿನ್ ಪ್ರಮಾಣ, ಇವುಗಳ ದಿನಚರಿಯನ್ನು ಯಾವ ನಾಗರಿಕನೂ ನೋಡುವಂತಿರಬೇಕು. ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಕೈಯಲ್ಲಿದೆ.

ಮೂರು, ವಿಷವಿರುವ ಮೂಲಗಳ ಹಳ್ಳಿ, ತಾಂಡಾಗಳಿಗೆ ಶುದ್ಧೀಕರಿಸಿದ ನದಿನೀರು ಮೊದಲು ತಲುಪಬೇಕು. ಕಾಲುವೆಯ ನೀರಿನ ಹಂಚಿಕೆಯಲ್ಲಿ ಗಂಟಲಿನ ಪಾಲನ್ನು ತೆಗೆದಿರಿಸಿ ಉಳಿದದ್ದನ್ನು ಬೆಳೆಗೆ ಅಳೆಯಬೇಕು. ಕಾಲುವೆ ನಿಂತ ತಿಂಗಳುಗಳಿಗೆ ಕೆರೆಗಳನ್ನು ತುಂಬಿಸಿಡಬೇಕು.

ನಾಲ್ಕು, ಆರ್‌ಒ ಘಟಕ ಅನಿವಾರ್ಯವಾದಲ್ಲಿ ಅದರ ತ್ಯಾಜ್ಯನೀರಿನ ವಿಲೇವಾರಿಯ ಯೋಜನೆಯಿಲ್ಲದೆ ಅನುಮತಿ ಕೊಡಬಾರದು. ಕೆಟ್ಟ ಘಟಕ ಇಷ್ಟು ದಿನದೊಳಗೆ ದುರಸ್ತಿಯಾಗಬೇಕೆಂಬ ಗಡುವು ಗುತ್ತಿಗೆಯಲ್ಲಿಯೇ ಇರಬೇಕು.

ಐದು, ಹಳೆಯ ಚಿನ್ನದ ಗಣಿಗಳ ತ್ಯಾಜ್ಯದ ಗುಡ್ಡೆಗಳನ್ನು ಮಳೆಗೆ ತೊಳೆದುಹೋಗದಂತೆ ಭದ್ರಪಡಿಸಬೇಕು; ವಿಷಬಾಧಿತರಿಗೆ ಆಯುಷ್ಯಪರ್ಯಂತ ವೈದ್ಯಕೀಯ ನಿಗಾ ದೊರೆಯಬೇಕು.

ವಿದ್ಯಾರ್ಥಿಗಳು ಕಾಯಬೇಕಾಗಿಲ್ಲ. ಜಲಜೀವನ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂಬ ನಿಯಮವಿದೆ. ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೆ ತೆರೆಯಬೇಕೆಂದು 2021ರ ಮಾರ್ಗಸೂಚಿ ಹೇಳುತ್ತದೆ. ತಮ್ಮ ಊರಿನ ಆ ಐವರು ಯಾರು, ಕಿಟ್ ಎಲ್ಲಿದೆ, ಕಳೆದ ಪರೀಕ್ಷೆ ಯಾವಾಗ ನಡೆಯಿತು ಎಂಬ ಮೂರು ಪ್ರಶ್ನೆಗಳನ್ನು ಹಿಡಿದು ಪಂಚಾಯಿತಿಗೆ ಹೋದರೆ ಸಾಕು, ಅನೇಕ ಬೀಗಗಳು ತಾವಾಗಿಯೇ ಸಡಿಲವಾಗುತ್ತವೆ.

ಗುಡ್ಡದವರ ಪಾಲು

ಬಯಲುಸೀಮೆಯ ಈ ಕಥೆ ಬೆಟ್ಟದ ಪತ್ರಿಕೆಗೆ ಏಕೆ ಎಂದು ಯಾರಾದರೂ ಕೇಳಬಹುದು. ಕೃಷ್ಣೆ ಹುಟ್ಟುವುದು ಸಹ್ಯಾದ್ರಿಯಲ್ಲಿ. ರಾಯಚೂರಿನ ಇನ್ನೊಂದು ಬದಿಗೆ ಹರಿಯುವ ತುಂಗಭದ್ರೆ ಹುಟ್ಟುವುದೂ ಇಲ್ಲಿಯೇ, ಗಂಗಾಮೂಲದಲ್ಲಿ. ಕುದುರೆಮುಖದ ಕಬ್ಬಿಣದ ಗಣಿ 2005ರ ಡಿಸೆಂಬರ್ ಕೊನೆಗೆ ನಿಲ್ಲುವವರೆಗೂ ಭದ್ರೆ ಹೊತ್ತೊಯ್ದ ಕೆಂಪು ಹೂಳು ಗುಡ್ಡದಲ್ಲೇ ಉಳಿಯಲಿಲ್ಲ. ಮಲೆನಾಡಿನ ಪಟ್ಟಣಗಳು ಹೊಳೆಗೆ ಬಿಡುವ ಚರಂಡಿ, ತೋಟಗಳಿಗೆ ಸಿಂಪಡಿಸುವ ಔಷಧ, ಕಡಿದ ಕಾಡಿನ ಮಣ್ಣು ಇವೆಲ್ಲ ಕೆಳಗಿನವರ ತೊಟ್ಟಿಗೆ ಹೋಗಿ ಸೇರುತ್ತವೆ. ಸುರಪುರದ ಗಣಿಯಲ್ಲಿ ಚಿನ್ನ ಹೊರಗೆ ಹೋಯಿತು, ಪಾಷಾಣ ತಾಂಡಾದಲ್ಲಿ ಉಳಿಯಿತು. ಗಣಿಯ ಈ ಲೆಕ್ಕ ಬೆಟ್ಟಕ್ಕೂ ಬಯಲಿಗೂ ಒಂದೇ.

ಕೆಳಗಿನ ಊರುಗಳಿಗೆ ಫಿಲ್ಟರ್ ಕೊಳ್ಳಿರೆಂದು ಹೇಳುವ ಹಕ್ಕು ಮೇಲಿನವರಿಗಿಲ್ಲ. ಮೂಲವನ್ನು ಕಾಯುವ ಕೆಲಸ ಗುಡ್ಡದವರದು, ತೊಟ್ಟಿಯನ್ನೂ ಕೊಳವೆಯನ್ನೂ ಕಾಯುವ ಕೆಲಸ ಆಡಳಿತದ್ದು, ಈ ಎರಡನ್ನೂ ಬಿಡದೆ ಕೇಳುವ ಕೆಲಸ ಎಲ್ಲರದು. ಮುಂದಿನ ಗ್ರಾಮಸಭೆಯ ನೋಟೀಸು ಬಂದಾಗ ಕುಡಿಯುವ ನೀರಿನ ಪರೀಕ್ಷಾ ವರದಿಯನ್ನು ಮೊದಲ ವಿಷಯವಾಗಿ ಸೇರಿಸಬೇಕೆಂದು ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ. ವರದಿ ಇಲ್ಲವೆಂದರೆ ಅದನ್ನು ನಡಾವಳಿಯಲ್ಲಿ ಬರೆಸಿರಿ. ಅಷ್ಟು ಬರೆಯಿಸಿದ ದಿನ ಆ ಹೊಣೆ ಅಡುಗೆಮನೆಯ ಗೋಡೆಯಿಂದ ಇಳಿದು, ಹೊರಬೇಕಾದವರ ಹೆಗಲಿಗೆ ಹಿಂದಿರುಗತೊಡಗುತ್ತದೆ.